ಕೆಟ್ಟ ಕಾಲುಚೀಲಗಳ ಪುಟ

ಲ್ಯಾಪ್‌ಟಾಪಿಗೆ ನಾಲ್ಕು ಸಾವಿರದ ಇನ್ನೂರು ಯುವಾನ್. ಅದೂ ಹೊಸದಲ್ಲ, ಯಾರೋ ಕಾಲೇಜು ಹುಡುಗಿ ಮೂರು ವರ್ಷ ಬಳಸಿ ಬಿಟ್ಟದ್ದು. ಮುಚ್ಚಳದ ಮೇಲೆ ಬೆಕ್ಕಿನ ಚಿತ್ರ ಅಂಟಿಸಿತ್ತು, ಕೆರೆದರೂ ಹೋಗಲಿಲ್ಲ. ಹನ್ನೆರಡು ಶನಿವಾರಗಳ ತರಗತಿಗೆ ಸಾವಿರದ ಎಂಟುನೂರು. ಮೌಸಿಗೆ ನೂರೈವತ್ತು. ಒಂದು ಡಜನ್ ಜೋಡಿ ಕಾಲುಚೀಲ ಹೊಂದಿಸಿ, ಮಡಚಿ, ಚೀಟಿ ಸಿಕ್ಕಿಸಿಟ್ಟರೆ ಲಿಯು ಮಾನ್ಲಿಯ ಕೈಗೆ ಬರುತ್ತಿದ್ದದ್ದು ಮೂರೂವರೆ ಯುವಾನ್. ಅಂದರೆ ಲ್ಯಾಪ್‌ಟಾಪ್ ಒಂದಕ್ಕೇ ಸಾವಿರದ ಇನ್ನೂರು ಡಜನ್ ಜೋಡಿ. ಬಿಡಿಬಿಡಿಯಾಗಿ ಎಣಿಸಿದರೆ ಇಪ್ಪತ್ತೆಂಟು ಸಾವಿರದ ಎಂಟುನೂರು ಕಾಲುಚೀಲ, ಒಂದೊಂದೂ ಅವಳ ಅಂಗೈ ಏರಿ ಇಳಿಯಬೇಕು.

"ಆ ದುಡ್ಡಲ್ಲಿ ನನ್ನ ಗಾಡಿಗೆ ಎರಡು ಟೈರ್ ಬರ್ತಿತ್ತಲ್ಲೇ" ಎಂದ ಗಂಡ. ಅವನು ತಮ್ಮೂರು ಶೆತೌ ಸುತ್ತಮುತ್ತಲಿನ ತೋಟಗಳಿಂದ ಪೇರಲೆ ಹೇರಿಕೊಂಡು ಮಾರುಕಟ್ಟೆಗೆ ಹಾಕುವವನು.

"ಟೈರ್ ಹಾಕ್ಕೊಂಡು ನಾನೆಲ್ಲಿಗೆ ಓಡ್ಲಿ?" ಎಂದು ಮಾನ್ಲಿ ಲ್ಯಾಪ್‌ಟಾಪನ್ನು ಅಕ್ಕಿಯ ಡಬ್ಬದ ಮೇಲೆ ಇಟ್ಟು ವಿದ್ಯುತ್ ತಂತಿ ಚುಚ್ಚಿದಳು.

ಅವಳಿಗೆ ನಲವತ್ತಾರು ವರ್ಷ. ಅದರಲ್ಲಿ ಇಪ್ಪತ್ತೊಂದು ವರ್ಷ ಒಂದೇ ಕಾರ್ಖಾನೆಯ ಒಂದೇ ಮೇಜು, ಕಿಟಕಿಯ ಪಕ್ಕ. ಹನ್ನೆರಡು ಹೆಣಿಗೆ ಯಂತ್ರಗಳು ಗರಗರ ಸುತ್ತುತ್ತ ಉಗುಳಿದ ಕಾಲುಚೀಲಗಳೆಲ್ಲ ಕೊನೆಗೆ ಆ ಮೇಜಿಗೇ ಬರುತ್ತಿದ್ದವು. ಎದುರಿಗೆ ಗೆಳತಿ ಸುಮೇಯ್. ಇಬ್ಬರೂ ಬಾಯಲ್ಲಿ ಊರಿನ ಸುದ್ದಿ, ಕೈಯಲ್ಲಿ ಕಾಲುಚೀಲ ಹಿಡಿದು ದಿನ ತಳ್ಳುತ್ತಿದ್ದರು. ಕೈಯನ್ನು ಒಳಗೆ ತೂರಿಸಿ, ಬೆರಳು ಅಗಲಿಸಿ, ಬೆಳಕಿಗೆ ಒಡ್ಡಿದರೆ ಸಾಕು, ಮಾನ್ಲಿ ಹೇಳುತ್ತಿದ್ದಳು: "ಇದು ಏಳನೇದರ ಮರಿ. ಹಿಮ್ಮಡಿ ಹತ್ರ ಜೋಲು." ಹನ್ನೆರಡು ಯಂತ್ರಗಳ ಹನ್ನೆರಡು ಬಗೆಯ ಕಾಯಿಲೆ ಅವಳಿಗೆ ಅಂಗೈ ಮೇಲಿತ್ತು. ಆದರೆ ಕಾಯಿಲೆ ಹೇಳುವುದಷ್ಟೇ ಅವಳ ಕೆಲಸ. ಸ್ಪ್ಯಾನರ್ ಹಿಡಿಯುವುದು ಲಾಯ್ ಶಿಫುವಿನ ಕೆಲಸ. ಶಿಫು ಅಂದರೆ ಯಂತ್ರ ಬಲ್ಲ ಗುರು. ಅರವತ್ತೆಂಟರ ಮುದುಕ, ಮಾತು ಕಡಿಮೆ, ಸಿಗರೇಟು ಜಾಸ್ತಿ.

ಮಾನ್ಲಿಗೆ ಆ ಸ್ಪ್ಯಾನರ್ ಬೇಕಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ನಗುತ್ತಾರೆಂದು ಗೊತ್ತಿತ್ತು.

ವೆಬ್ ಪುಟ ಮಾಡಲು ಕಲಿಸುವ ಆ ತರಗತಿ ನಡೆಯುತ್ತಿದ್ದದ್ದು ಊರಿನ ಗ್ರಂಥಾಲಯದ ಮಹಡಿಯಲ್ಲಿ. ಕಲಿಸುವವನು ನಿಯೆನ್ ಎಂಬ ಇಪ್ಪತ್ತಾರರ ಹುಡುಗ. ಮಾನ್ಲಿಯ ಅಕ್ಕನ ಮಗನ ವಯಸ್ಸು. ಆದರೂ ಅವಳು ಬಾಯಿತುಂಬ "ಮೇಷ್ಟ್ರೇ" ಎಂದೇ ಕರೆಯುತ್ತಿದ್ದಳು. ಅವನು ಮೊದಲ ಶನಿವಾರ ನಾಚಿ ಕೆಂಪಾದ, ಎರಡನೆಯ ಶನಿವಾರದಿಂದ ಒಗ್ಗಿಹೋಯಿತು. ಗಂಡನ ಪೇರಲೆಗೆ ಒಂದು ಪುಟ ಮಾಡಿ ನೇರ ಮಾರೋಣ ಎಂಬುದು ಅವಳು ಸೇರುವಾಗಿನ ಯೋಚನೆ. ಒಂಬತ್ತನೆಯ ಶನಿವಾರ ಮೇಷ್ಟ್ರು ಗೋಡೆಯ ಮೇಲೆ ಒಂದು ಪುಟ ಬೆಳಗಿಸಿ ತೋರಿಸಿದಾಗ ಪೇರಲೆ ಮರೆತುಹೋಯಿತು.

"ಕೊನೇ ಅಭ್ಯಾಸ ಇದು" ಎಂದ ನಿಯೆನ್. "ಕೈಪಿಡಿ ಪುಟ. ಯಾವುದಾದ್ರೂ ಒಂದು ವಿಷಯನ ಗೊತ್ತಿಲ್ದೋರಿಗೆ ಗೊತ್ತಾಗೋ ಹಾಗೆ ಭಾಗ ಭಾಗ ಮಾಡಿ ಬರೀಬೇಕು. ಎಡಗಡೆ ಪಟ್ಟಿ. ಪಟ್ಟೀಲಿ ಯಾವ ಹೆಸರು ಒತ್ತಿದ್ರೂ ಪುಟ ಆ ಭಾಗಕ್ಕೇ ಹಾರ್ಬೇಕು. ಕೋಡ್ ಇರೋ ಪೆಟ್ಟಿಗೆ ಕಮ್ಮಿ ಅಂದ್ರೂ ಐದು. ಮತ್ತೆ ಮುಖ್ಯವಾದ್ದು, ದೊಡ್ಡ ಸ್ಕ್ರೀನಲ್ಲೂ ಸರಿಯಾಗಿ ಕಾಣ್ಬೇಕು, ಫೋನಲ್ಲೂ ಸರಿಯಾಗಿ ಕಾಣ್ಬೇಕು. ಫೋನಲ್ಲಿ ಎಡಗಡೆ ಜಾಗ ಇರಲ್ಲ, ಪಟ್ಟಿ ತಾನೇ ಮೇಲಕ್ಕೆ ಹೋಗಿ ಕೂರ್ಬೇಕು."

"ಪುಟ ಒಂದೇನಾ? ಎರಡು ಅಳತೇಗೆ ಎರಡು ಮಾಡ್ಬೇಕಾ?" ಎಂದು ಯಾರೋ ಕೇಳಿದರು.

"ಒಂದೇ. ಅಗಲನ ಇಷ್ಟು ಅಂತ ಗಟ್ಟಿಯಾಗಿ ಹೇಳ್ಬೇಡಿ. ಸ್ಕ್ರೀನಿನ ಶೇಕಡಾ ಇಷ್ಟು ಅಂತ ಹೇಳಿ."

ಮಾನ್ಲಿ ಕುರ್ಚಿಯಲ್ಲೇ ನೆಟ್ಟಗಾದಳು. "ಅಂದ್ರೆ ರಬ್ಬರ್ ನೂಲು ಹಾಕ್ಬೇಕು ಅನ್ನಿ ಮೇಷ್ಟ್ರೇ! ಇಪ್ಪತ್ತೆರಡರಿಂದ ಇಪ್ಪತ್ತಾರು ಸೆಂಟಿಮೀಟರು, ಎಲ್ಲ ಕಾಲಿಗೂ ಒಂದೇ ಚೀಲ!"

ಮೇಷ್ಟ್ರು, "ಮುಂದಿನ ಬ್ಯಾಚಿಗೆ ಹೀಗೇ ಹೇಳ್ತೀನಿ ಅಕ್ಕ" ಎಂದ.

ಉಳಿದವರೆಲ್ಲ ಪುಸ್ತಕದಲ್ಲಿದ್ದ ಕೋಡ್ ಪಾಠವನ್ನೇ ತಿರುವಿ ಬರೆಯಲು ಕುಳಿತರು. ಮಾನ್ಲಿ ಮೊದಲ ಸಾಲಿನಲ್ಲಿ ಬರೆದಳು: ಕಾಲುಚೀಲ ಹೆಣೆಯುವ ಯಂತ್ರ. ಎಡಕ್ಕೆ ಪಟ್ಟಿ, ಬಲಕ್ಕೆ ವಿವರ. ಇಡೀ ಬೆಳಿಗ್ಗೆ ಪಟ್ಟಿ ಬಲಗಡೆಯ ಅಕ್ಷರಗಳ ಮೇಲೆ ಮೈಚಾಚಿ ಮಲಗಿತ್ತು. ಏನು ಮಾಡಿದರೂ ಏಳಲಿಲ್ಲ. ಅದನ್ನು ಎಬ್ಬಿಸಿ ಸರಿಸುವ ಹೊತ್ತಿಗೆ ಹನ್ನೊಂದೂವರೆ. ಆಮೇಲೆ ಅವಳು ಬ್ರೌಸರಿನ ಅಂಚು ಹಿಡಿದು ಮೆಲ್ಲಗೆ ಒಳಕ್ಕೆ ಎಳೆದಳು. ಪುಟ ಕುಗ್ಗಿತು, ಕುಗ್ಗಿತು, ಇನ್ನೂ ಕುಗ್ಗಿತು. ಒಂದು ಅಳತೆಗೆ ಬಂದದ್ದೇ ಪಟ್ಟಿ ಠಕ್ಕನೆ ಎಡಗಡೆಯಿಂದ ಜಿಗಿದು ಮೇಲೆ ಕುಳಿತಿತು.

"ಹಾರ್ತು!" ಎಂದು ಅವಳು ಕೂಗಿದ ಕೂಗಿಗೆ ಕೆಳಗೆ ದಿನಪತ್ರಿಕೆ ಓದುತ್ತಿದ್ದ ಅಜ್ಜಂದಿರು ತಲೆ ಎತ್ತಿದರಂತೆ.

ಅಂಚನ್ನು ಹೊರಕ್ಕೆ ಎಳೆದಳು, ಪಟ್ಟಿ ಇಳಿಯಿತು. ಒಳಕ್ಕೆ ಎಳೆದಳು, ಏರಿತು. ನಲವತ್ತು ಸಲವಾದರೂ ಮಾಡಿರಬೇಕು. ಇಪ್ಪತ್ತೊಂದು ವರ್ಷದಲ್ಲಿ ಲಕ್ಷಾಂತರ ಕಾಲುಚೀಲ ಕೈದಾಟಿ ಹೋಗಿದ್ದವು, ಒಂದನ್ನೂ ಅವಳು ಮಾಡಿರಲಿಲ್ಲ. ಇದನ್ನು ಅವಳು ಮಾಡಿದ್ದಳು.

ಐದು ಕೋಡ್ ಪೆಟ್ಟಿಗೆಗಳಲ್ಲಿ ಯಂತ್ರಕ್ಕೆ ಒತ್ತಿ ಕೊಡುವ ಸಂಖ್ಯೆಗಳನ್ನು ಹಾಕಿದಳು: ಬಿಗಿ ಎಷ್ಟು, ವೇಗ ಎಷ್ಟು, ಹಿಮ್ಮಡಿಗೆ ಎಷ್ಟು ಸುತ್ತು. ನಿಯೆನ್ ತಲೆ ಕೆರೆದುಕೊಂಡ. "ಅಕ್ಕಾ, ಇದು ಕೋಡ್ ಅಲ್ಲ."

"ಒತ್ತಿದ್ರೆ ಯಂತ್ರ ಹೇಳಿದ್ ಮಾತು ಕೇಳುತ್ತಾ ಇಲ್ವಾ?"

"ಕೇಳತ್ತೆ..."

"ಮತ್ತೆ?"

ಮೇಷ್ಟ್ರು ಒಪ್ಪಿದ.

ಆ ವಾರವೇ ಲಾಯ್ ಶಿಫುವಿನ ಕಣ್ಣಿನ ಸುದ್ದಿ ಬಂತು. ಎರಡೂ ಕಣ್ಣಿಗೆ ಪೊರೆ. ಶಸ್ತ್ರಚಿಕಿತ್ಸೆ, ಹತ್ತು ದಿನ ಯಂತ್ರದ ಬಳಿ ಸುಳಿಯುವಂತಿಲ್ಲ, ನೂಲಿನ ಧೂಳು ಕಣ್ಣಿಗೆ ಆಗದು. ಕಾರ್ಖಾನೆಯ ಯಜಮಾನಮ್ಮ ಲೆಕ್ಕಾಚಾರದ ಹೆಂಗಸು. ಪಕ್ಕದ ಊರಿನ ಇನ್ನೊಬ್ಬ ಶಿಫು ಬರಲು ತಯಾರಿದ್ದ. ಆದರೆ ಅವನ ಷರತ್ತು ಒಂದಿತ್ತು: ಜೊತೆಗೆ ಅವನ ಅಳಿಯ, ಆ ಅಳಿಯನಿಗೆ ಇಲ್ಲೇ ಕಾಯಂ ಕೆಲಸ. ಮುದುಕ ಲಾಯ್ ಶಿಫುವಿಗೆ ಹೇಗಿದ್ದರೂ ಒಬ್ಬ ಜೊತೆಗಾರ ಬೇಕಾಗಿತ್ತು. ಆ ಜಾಗ ತುಂಬಿಬಿಟ್ಟರೆ ಇನ್ನು ಹದಿನೈದು ವರ್ಷ ಅದು ಖಾಲಿಯಾಗುವುದಿಲ್ಲ. ಮಾನ್ಲಿ ಊಟದ ಡಬ್ಬಿ ಮುಚ್ಚಿಟ್ಟು ನೇರ ಯಜಮಾನಮ್ಮನ ಮುಂದೆ ನಿಂತಳು.

"ಆ ಜಾಗ ನಂಗೆ ಕೊಡಿ ಯಜಮಾನಮ್ಮ."

"ಯಾವ ಜಾಗ? ಶಿಫು ಪಕ್ಕದ್ದಾ?" ಯಜಮಾನಮ್ಮ ಕನ್ನಡಕದ ಮೇಲಿಂದ ನೋಡಿದಳು. "ಹೆಂಗಸು ಸ್ಪ್ಯಾನರ್ ಹಿಡಿದದ್ದನ್ನ ನಾನಂತೂ ಈ ಊರಲ್ಲಿ ನೋಡಿಲ್ಲ."

"ಹೆಂಗಸು ಕಾರ್ಖಾನೆ ನಡೆಸೋದನ್ನ ದಿನಾ ಕನ್ನಡೀಲಿ ನೋಡ್ತೀರಲ್ಲ."

ಯಜಮಾನಮ್ಮನಿಗೆ ನಗು ಬಂತು, ತಡೆದುಕೊಂಡಳು. "ಯಂತ್ರ ನಡೆಯೋದು ಮೂರು ಪಾಳಿ. ನೀನು ಒಬ್ಳು. ನೀನು ಇಲ್ದಾಗ ನಿಂತ್ರೆ?"

"ಪುಟ ಇದೆ. ಎಲ್ರ ಫೋನಿಗೂ ಕಳಿಸ್ತೀನಿ. ನೋಡ್ಕೊಂಡು ಅವ್ರೇ ಸರಿ ಮಾಡ್ತಾರೆ."

"ಓಹೋ, ಆ ಗ್ರಂಥಾಲಯದ ಆಟ." ಯಜಮಾನಮ್ಮ ಪೆನ್ನಿನಿಂದ ಮೇಜು ತಟ್ಟಿದಳು. "ಸರಿ. ಮುಂದಿನ ವಾರ ಗುರುವಾರದಿಂದ ಶಿಫು ಇರಲ್ಲ. ಆ ಹತ್ತು ದಿನ ನೀನು ಮೇಜು ಬಿಟ್ಟು ಯಂತ್ರದ ಸಾಲಲ್ಲಿರು. ಯಂತ್ರಗಳು ಓಡಿದ್ರೆ ಜಾಗ ನಿಂದು. ಆದ್ರೆ ಒಂದು ಮಾತು: ನಾನು ಹೇಳಿದ ದಿನ ನೀನು ಕೈ ಕಟ್ಕೊಂಡು ನಿಲ್ಬೇಕು, ಬೇರೆಯೋರು ಆ ಪುಟ ನೋಡಿ ಯಂತ್ರ ಸರಿ ಮಾಡ್ಬೇಕು. ಆಗ್ಲಿಲ್ಲ ಅಂದ್ರೆ ಅವತ್ತೇ ಪಕ್ಕದೂರಿಗೆ ಫೋನ್ ಮಾಡ್ತೀನಿ."

ಈಗ ಬೇಕಾದದ್ದು ಶಿಫುವಿನ ತಲೆಯೊಳಗಿದ್ದ ವಿಷಯ. ಅದು ಅಷ್ಟು ಸುಲಭವಾಗಿ ಹೊರಬರುವಂಥದ್ದಲ್ಲ. ಮೂವತ್ತು ವರ್ಷದ ವಿದ್ಯೆಯನ್ನು ಆತ ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ ತನಗೊಬ್ಬನಿಗೇ ತಿಳಿಯುವಂತೆ ಗೀಚಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಕೇಳಿದರೆ, "ನೋಡ್ತಾ ನೋಡ್ತಾ ಬರತ್ತೆ" ಎನ್ನುತ್ತಿದ್ದ, ಅಷ್ಟೇ.

ಮಾನ್ಲಿ ಕೇಳಲಿಲ್ಲ. ಪೇರಲೆ ಹೆಚ್ಚಿ, ಒಣಗಿಸಿದ ಪ್ಲಮ್ ಹಣ್ಣಿನ ಹುಳಿಪುಡಿ ಉದುರಿಸಿ, ತಟ್ಟೆಯನ್ನು ಶಿಫುವಿನ ಮುಂದಿಟ್ಟು, ತನ್ನ ಪುಟವನ್ನು ಗಟ್ಟಿಯಾಗಿ ಓದತೊಡಗಿದಳು. "ಸೂಜಿ ಬದಲಾಯಿಸಿದ ಮೇಲೆ ಹತ್ತು ಹನಿ ಎಣ್ಣೆ ಬಿಡಬೇಕು."

ಶಿಫುವಿನ ಕೈ ಪೇರಲೆಯ ಮೇಲೆಯೇ ನಿಂತಿತು. "ಎಷ್ಟು?"

"ಹತ್ತು."

"ಹತ್ತು ಹನಿ ಬಿಟ್ರೆ ಕಾಲುಚೀಲ ಅಲ್ಲ, ಕರಿದ ತಿಂಡಿ ಬರತ್ತೆ! ಯಾರು ಹೇಳಿದ್ದು ನಿಂಗೆ? ಎರಡು. ಎರಡೇ. ಮೊದಲ ಮೂರು ಚೀಲ ಎಸೀಬೇಕು, ಎಣ್ಣೆ ಗೆರೆ ಇರತ್ತೆ."

"ಓ, ಎರಡಾ" ಎಂದು ಮಾನ್ಲಿ ತಿದ್ದಿಕೊಂಡಳು. "ಆಮೇಲೆ... ತುದೀಲಿರೋ ಪುಟ್ಟ ನಾಲಗೆ ಮುರಿದ ಸೂಜೀನ ಇಕ್ಕಳದಲ್ಲಿ ಎಳೆದು ತೆಗೀಬೇಕು."

"ಅಯ್ಯೋ ಮಾರಾಯ್ತಿ! ಎಳೀತಾಳಂತೆ! ಉರುಳೇಲಿ ಸೂಜಿ ಕೂರೋ ಗೀರೇ ಕಿತ್ತುಹೋಗತ್ತೆ. ಕೆಳಗಿನ ಕಿಟಕಿ ತೆಗಿ, ಸೂಜಿ ತಾನೇ ಜಾರತ್ತೆ, ಬೆರಳಲ್ಲಿ ಹಿಡ್ಕೊ."

ನಾಲ್ಕು ದಿನ, ನಾಲ್ಕು ಪೇರಲೆ. ಮಾನ್ಲಿ ತಪ್ಪು ಓದುತ್ತಿದ್ದಳು, ಶಿಫು ಉರಿದುಬೀಳುತ್ತಿದ್ದ, ಪುಟ ತುಂಬುತ್ತಿತ್ತು. ಬುಧವಾರ ಕೊನೆಯ ತುಂಡು ಬಾಯಿಗೆ ಹಾಕಿಕೊಂಡು ಶಿಫು ಹೇಳಿದ: "ಇಪ್ಪತ್ತೊಂದು ವರ್ಷ ಯಂತ್ರದ ಪಕ್ಕ ಕೂತೋಳು ಹತ್ತು ಹನಿ ಎಣ್ಣೆ ಅಂತ ನಿಜವಾಗ್ಲೂ ಅಂದ್ಕೊಂಡಿರಲ್ಲ. ನಾನು ಕಣ್ಣು ಕಾಣದೋನು, ಪೆದ್ದನಲ್ಲ." ಜೇಬಿನಿಂದ ಸಿಗರೇಟು ಪೊಟ್ಟಣಗಳ ಕಂತೆ ತೆಗೆದು ಅವಳ ಮುಂದಿಟ್ಟ. "ಉಳಿದದ್ದು ಇಲ್ಲಿದೆ. ಓದೋಕಾದ್ರೆ ಓದ್ಕೊ."

ಪುಟ ಹದಿನಾಲ್ಕು ಭಾಗಗಳಾಯಿತು. ಎಡಗಡೆ ಪಟ್ಟಿಯಲ್ಲಿ ಯಂತ್ರದ ಅಂಗಗಳ ಹೆಸರು ಒಂದರ ಕೆಳಗೊಂದು ಸಾಲಾಗಿ: ಸೂಜಿ ಉರುಳೆ, ನೂಲು ಬೆರಳು, ಗಾಳಿ ಕೊಳವೆ, ಬಿಗಿ ತಿರುಪು. ಪುಟ ನಿಯಮದಂತಿದೆಯೇ ಎಂದು ತಾನೇ ನೋಡುವ ತರಗತಿಯ ಪರೀಕ್ಷಾ ಯಂತ್ರ ಹದಿನಾರಕ್ಕೆ ಹದಿನಾರು ಹಸಿರು ಗುರುತು ಕೊಟ್ಟಿತು. ತನ್ನ ಫೋನಿನಲ್ಲಿ ನೋಡಿದಳು. ಮೇಲೆ ಪುಟ್ಟ ಪಟ್ಟಿ, ಕೆಳಗೆ ವಿವರ, ಒತ್ತಿದರೆ ಹಾರುತ್ತದೆ. ಗುರುವಾರ ಬೆಳಿಗ್ಗೆ ಕಾರ್ಖಾನೆಯ ಫೋನ್ ಗುಂಪಿಗೆ ಕಳಿಸಿದಳು. ಹನ್ನೊಂದು ಜನ ಹೆಬ್ಬೆಟ್ಟಿನ ಚಿತ್ರ ಹಾಕಿದರು.

ಗುರುವಾರ ಎಲ್ಲ ಯಂತ್ರಗಳೂ ಓಡಿದವು. ನೀಲಿ ಅಂಗಿ ತೊಟ್ಟು, ಜೇಬಿನಲ್ಲಿ ಸ್ಪ್ಯಾನರ್ ಇಟ್ಟುಕೊಂಡು ಮಾನ್ಲಿ ಸಾಲಿನುದ್ದಕ್ಕೂ ತಿರುಗಿದಳು. ಏನೂ ಕೆಡದಿದ್ದರೂ ಎರಡು ತಿರುಪು ಬಿಗಿ ಮಾಡಿ ನೋಡಿದಳು, ಹಿಡಿಯಬೇಕೆನಿಸಿತು, ಹಿಡಿದಳು.

ಶುಕ್ರವಾರ ಹನ್ನೊಂದೂಮುಕ್ಕಾಲಿಗೆ ಏಳನೆಯ ಯಂತ್ರ ಏಣಿಯಂಥ ಉದ್ದ ಗೆರೆ ಬಿದ್ದ ಕಾಲುಚೀಲ ಉಗುಳಿತು. ಒಂದಾದ ಮೇಲೊಂದು, ಐದು. ಮಾನ್ಲಿ ಎದ್ದೇಬಿಟ್ಟಳು. ಯಜಮಾನಮ್ಮ ಬಾಗಿಲಲ್ಲಿ ನಿಂತಿದ್ದಳು. "ಕೈ ಕಟ್ಕೊ ಮಾನ್ಲಿ. ಇವತ್ತೇ ಆ ದಿನ." ಏಳನೆಯದನ್ನು ನೋಡಿಕೊಳ್ಳುತ್ತಿದ್ದ ಚಿಂಗ್‌ಹೋ ದೊಡ್ಡಪ್ಪನ ಕಡೆ ತಿರುಗಿದಳು. "ದೊಡ್ಡಪ್ಪ, ಪುಟ ತೆಗೀರಿ. ಸರಿ ಮಾಡಿ."

ಚಿಂಗ್‌ಹೋಗೆ ಎಪ್ಪತ್ತೊಂದು. ಯಂತ್ರಕ್ಕೆ ನೂಲು ಪೋಣಿಸುವುದರಲ್ಲಿ ಆತನಷ್ಟು ಚುರುಕು ಇನ್ನೊಬ್ಬರಿಲ್ಲ. ಆದರೆ ಫೋನಿನ ಅಕ್ಷರ ಮಾತ್ರ ಆ ವಯಸ್ಸಿನ ಎಲ್ಲರಂತೆ ದಪ್ಪಕ್ಕೆ ದಪ್ಪ, ಕಡಲೆಕಾಯಿ ಬೀಜದಷ್ಟು. ಮೊದಲು ಆತ ಯಂತ್ರದ ನೆತ್ತಿಯ ಮೇಲಿದ್ದ ಹಸಿರು ಕುರುಕಲು ತಿಂಡಿಯ ಪೊಟ್ಟಣ ತೆಗೆದು ತಾರೀಖು ನೋಡಿದ. ಆ ಪೊಟ್ಟಣ ಯಂತ್ರವನ್ನು ತಂಟೆ ಮಾಡದಂತೆ ಕಾಯುತ್ತದೆ, ಅವಧಿ ಮೀರಿದರೆ ಕಾಯುವುದಿಲ್ಲ ಎಂಬುದು ಅಲ್ಲಿನವರ ನಂಬಿಕೆ. "ಇನ್ನೂ ಎರಡು ತಿಂಗಳಿದೆ, ಇದರ ತಪ್ಪಲ್ಲ" ಎಂದು ಮರಳಿ ಇಟ್ಟ. ಆಮೇಲೆ ಫೋನು ತೆಗೆದು ಕೊಂಡಿ ಒತ್ತಿದ.

"ಸೂಜಿ ಉರುಳೆ" ಎಂದು ಓದಿದ. "ನೂಲು ಬೆರಳು. ಗಾಳಿ ಕೊಳವೆ. ಬಿಗಿ ತಿರುಪು. ಎಣ್ಣೆ ದಾರಿ..." ಹೆಬ್ಬೆಟ್ಟಿನಿಂದ ಮೇಲೆ ತಳ್ಳಿದ, ಕೆಳಗೆ ತಳ್ಳಿದ. "ಇಷ್ಟೇ ಇರೋದು."

"ಹೆಸರು ಒತ್ತಿ ದೊಡ್ಡಪ್ಪ, ವಿವರ ಬರತ್ತೆ."

"ಒತ್ತಿದೆ. ಇಷ್ಟೇ."

ಮಾನ್ಲಿ ಬಗ್ಗಿ ನೋಡಿದಳು. ಮೇಲೆ ಪುಟ್ಟದಾಗಿ ಕೂರಬೇಕಿದ್ದ ಪಟ್ಟಿ ಆ ದಪ್ಪಕ್ಷರದಲ್ಲಿ ಊದಿಕೊಂಡು ಸ್ಕ್ರೀನಿನ ನೆತ್ತಿಯಿಂದ ಪಾದದವರೆಗೆ ತುಂಬಿತ್ತು. ಹಿಂದೆ ಪುಟ ಹಾರುತ್ತಿರಬೇಕು, ಕಾಣುವುದು ಮಾತ್ರ ಪಟ್ಟಿ. ಎಷ್ಟು ತಳ್ಳಿದರೂ ಪಟ್ಟಿ ಕದಲದು. ಕದಲಬೇಡ ಎಂದು ಅವಳೇ ಆಜ್ಞೆ ಬರೆದಿದ್ದಳು.

"ಹೋಟೆಲಿನ ತಿಂಡಿ ಪಟ್ಟಿ ಇದ್ದಂಗಿದೆ" ಎಂದಳು ಯಜಮಾನಮ್ಮ. "ಹೆಸರೆಲ್ಲ ಇದೆ, ತಿನ್ನೋಕೇನೂ ಇಲ್ಲ."

"ಅಕ್ಷರ ಸ್ವಲ್ಪ ಸಣ್ಣ ಮಾಡ್ಕೊಳಿ ದೊಡ್ಡಪ್ಪ, ಆಗ—"

"ಸಣ್ಣ ಮಾಡಿದ್ರೆ ನಂಗೆ ಕಾಣಲ್ಲ. ದೊಡ್ಡದು ಮಾಡಿದ್ರೆ ನಿನ್ನ ಪುಟ ಕಾಣಲ್ಲ. ನಾನೇನು ಮಾಡ್ಲಿ ಹೇಳು ಮಗಾ?"

ಗಂಟೆ ಹನ್ನೆರಡು ಹೊಡೆಯಿತು. ಯಜಮಾನಮ್ಮ ಫೋನು ಕೈಗೆ ತೆಗೆದುಕೊಂಡು, ಮಾನ್ಲಿಯ ಮುಖ ನೋಡಿ, ಮತ್ತೆ ಜೇಬಿಗೆ ಹಾಕಿದಳು. "ಊಟ, ನಿದ್ದೆ ಎಲ್ಲ ಮುಗೀಲಿ. ಒಂದೂವರೆಗೆ ದೀಪ ಹಾಕಿದಾಗ ದೊಡ್ಡಪ್ಪನ ಕೈಲಿ ಏಳನೇದು ಓಡ್ಬೇಕು. ಇಲ್ಲಾಂದ್ರೆ ಪಕ್ಕದೂರಿಗೆ ಹೇಳಿಕಳಿಸ್ತೀನಿ. ಬೇಜಾರು ಮಾಡ್ಕೋಬೇಡ."

ಡಬ್ಬಿಗಳು ತೆರೆದವು, ಮುಚ್ಚಿದವು. ಹನ್ನೆರಡೂವರೆಗೆ ದೀಪ ಆರಿಸಿದರು. ಯಂತ್ರಗಳು ನಿಂತು, ಎಲ್ಲರೂ ಮೇಜಿನ ಮೇಲೆ ತಲೆಯಿಟ್ಟು ಮಧ್ಯಾಹ್ನದ ನಿದ್ದೆಗೆ ಇಳಿದರು. ಆ ಅರೆಗತ್ತಲೆಯಲ್ಲಿ ಬೆಕ್ಕಿನ ಚಿತ್ರದ ಲ್ಯಾಪ್‌ಟಾಪ್ ಒಂದೇ ಬೆಳಗುತ್ತಿತ್ತು. ಮಾನ್ಲಿ ಚಿಂಗ್‌ಹೋವಿನ ಫೋನನ್ನು ಬೇಡಿ ತಂದಿದ್ದಳು.

ಬೈದುಕೊಂಡಳು, ತನ್ನನ್ನೇ. ಎಲ್ಲ ಕಾಲಿಗೂ ಒಂದೇ ಚೀಲ ಎಂದು ಬೀಗಿದವಳು, ಅದನ್ನು ತೊಡಿಸಿ ನೋಡಿದ್ದು ತನ್ನ ಕಾಲಿಗೊಂದೇ. ಸ್ಕ್ರೀನಿನ ಅಗಲ ಹಿಗ್ಗುವುದನ್ನೂ ಕುಗ್ಗುವುದನ್ನೂ ನಲವತ್ತು ಸಲ ನೋಡಿದ್ದಳು. ಅಕ್ಷರ ಹಿಗ್ಗಬಹುದೆಂದು ಒಂದು ಸಲವೂ ಯೋಚಿಸಿರಲಿಲ್ಲ. ಪರೀಕ್ಷಾ ಯಂತ್ರಕ್ಕೂ ಅದು ಹೊಳೆದಿರಲಿಲ್ಲ. ಅದಕ್ಕೇನು, ಅದಕ್ಕೆ ಎಪ್ಪತ್ತೊಂದಾಗಿಲ್ಲ.

ಕದಲಬೇಡ ಎಂಬ ಆಜ್ಞೆ ಇದ್ದ ಸಾಲು ಹುಡುಕಿದಳು. ಅಳಿಸಿದಳು. ಚಿಂಗ್‌ಹೋವಿನ ಫೋನಿನಲ್ಲಿ ಪುಟ ಮತ್ತೆ ತೆರೆದಳು. ಪಟ್ಟಿ ಈಗಲೂ ದೊಡ್ಡದೇ, ಆದರೆ ತಳ್ಳಿದರೆ ಸರಿಯಿತು! ಕೆಳಗೆ ವಿವರ ಇತ್ತು! ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಕಂಡಿತು: ವಿವರದ ಮೊದಲ ಸಾಲು ಕಾಣಲು ಹದಿನಾಲ್ಕು ಹೆಸರು ದಾಟಿ ತಳ್ಳುತ್ತಲೇ ಇರಬೇಕು. ಮೇಷ್ಟ್ರು ಒಂದು ಶನಿವಾರ ಮಡಚುವ ಪೆಟ್ಟಿಗೆ ತೋರಿಸಿದ್ದ. ಮುಟ್ಟಿದರೆ ಬಿಚ್ಚುವುದು, ಮತ್ತೆ ಮುಟ್ಟಿದರೆ ಮುಚ್ಚುವುದು. ಟಿಪ್ಪಣಿ ಪುಸ್ತಕದಲ್ಲಿ ಹುಡುಕಿದಳು. ಎರಡು ಸಾಲು. ಪಟ್ಟಿಯನ್ನು ಅದರೊಳಗೆ ಇಟ್ಟಳು. ಮುಟ್ಟಿದಳು, ಬಿಚ್ಚಿತು. ಮುಟ್ಟಿದಳು, ಕಾಲುಚೀಲದ ಬಾಯಿಯ ಹಾಗೆ ಮಡಚಿ ಕುಳಿತಿತು. ಒಂದು ಗಂಟೆ ಆಗಲು ಎಂಟು ನಿಮಿಷ.

ಖುಷಿಗೆ ಪಕ್ಕದಲ್ಲಿ ತಲೆಯಿಟ್ಟಿದ್ದ ಚಿಂಗ್‌ಹೋವನ್ನು ಮೆಲ್ಲಗೆ ತಟ್ಟಿದಳು. "ದೊಡ್ಡಪ್ಪ, ಈಗ ನೋಡಿ."

ಮುದುಕ ಒಂದು ಕಣ್ಣು ತೆರೆದು ಫೋನು ಹಿಡಿದ. ಪಟ್ಟಿ ಬಿಚ್ಚಿದ. ಹೆಸರುಗಳ ಮೇಲೆ ಬೆರಳು ಆಡಿಸಿದ, ಒಂದನ್ನೂ ಒತ್ತಲಿಲ್ಲ.

"ಒತ್ತಿ."

"ಯಾವುದನ್ನ?" ಆತ ಜೇಬಿನಿಂದ ಏಣಿಗೆರೆಯ ಕಾಲುಚೀಲ ತೆಗೆದು ಅವಳ ಮೂಗಿನ ಮುಂದೆ ಹಿಡಿದ. "ನನ್ ಕೈಲಿರೋದು ಇದು. ಉರುಳೆ ಕೆಟ್ಟಿದ್ಯೋ ಬೆರಳು ಕೆಟ್ಟಿದ್ಯೋ ಗೊತ್ತಿದ್ರೆ ನಾನೇ ಶಿಫು ಆಗ್ತಿದ್ನಲ್ಲ ತಾಯಿ. ಗೆರೆ ಬಿದ್ದಿದೆ. ಗೆರೆ ಎಲ್ಲಿದೆ ಇದರಲ್ಲಿ?"

ಮಾನ್ಲಿ ಆ ಕಾಲುಚೀಲವನ್ನೇ ನೋಡಿದಳು. ಶಿಫು ಯಂತ್ರದಿಂದ ಕಾಲುಚೀಲದ ಕಡೆ ನೋಡುವವನು. ಅವನ ಮಾತು ಕೇಳಿ ಅವಳೂ ಹಾಗೇ ಬರೆದಿದ್ದಳು. ಆದರೆ ಇಪ್ಪತ್ತೊಂದು ವರ್ಷ ಅವಳು ನೋಡಿದ್ದು ಎದುರು ದಿಕ್ಕಿನಿಂದ. ತನಗೆ ಅಂಗೈ ಮೇಲಿದ್ದದ್ದನ್ನು ಬಿಟ್ಟು ಬೇರೆಯವರ ಜೇಬಿನಲ್ಲಿದ್ದದ್ದನ್ನು ಹುಡುಕಿಕೊಂಡು ಹೋಗಿದ್ದಳು!

ಓಡಿದಳು. ತನ್ನ ಹಳೆಯ ಮೇಜಿನ ಕೆಳಗಿದ್ದ ಕೆಟ್ಟ ಕಾಲುಚೀಲಗಳ ಬುಟ್ಟಿಯನ್ನು ಎಳೆದು ನೆಲಕ್ಕೆ ಸುರಿದಳು. ಆ ಸದ್ದಿಗೆ ಸುಮೇಯ್ ಎದ್ದಳು. "ಏನೇ ಅದು, ಭೂಕಂಪಾನಾ?"

"ಕೈ ತೂರ್ಸೇ ಒಳಗೆ. ಬೆರಳು ಅಗಲಿಸು. ಕಿಟಕಿ ಹತ್ರ ಹಿಡಿ, ಬೇಗ!"

"ಕೆಟ್ಟ ಕಾಲುಚೀಲಕ್ಕೆ ಫೋಟೋನಾ? ನನ್ನ ಮದುವೇಲೂ ಇಷ್ಟು ಅವಸರದಲ್ಲಿ ಫೋಟೋ ತೆಗೀಲಿಲ್ಲ."

"ಮದುವೇಲಿ ಹಾಳಾಗಿದ್ದು ಆಮೇಲೆ ತಾನೇ ಗೊತ್ತಾಗಿದ್ದು. ಇದು ಕಣ್ಣಿಗೆ ಕಾಣ್ತಿದೆ. ಅಲ್ಲಾಡಿಸ್ಬೇಡ!"

ಸುಮೇಯ್ ಬಾಯಿಗೆ ಕಾಲುಚೀಲ ಅಡ್ಡ ಹಿಡಿದು ನಕ್ಕಳು. ಏಣಿಗೆರೆ. ಹಿಮ್ಮಡಿ ತೂತು. ಜೋಲು ಬಿದ್ದ ಬಾಯಿ. ಓರೆಯಾದ ಬೆರಳ ತುದಿ. ಎಣ್ಣೆ ಪಟ್ಟೆ. ಒಂದುದ್ದ ಒಂದು ಗಿಡ್ಡ. ಆರು ಫೋಟೋ, ಆಮೇಲೆ ಇನ್ನೂ ಮೂರು. ಮಾನ್ಲಿಯ ಬೆರಳು ಕೀಲಿಗಳ ಮೇಲೆ ಎಡವುತ್ತ ಓಡಿತು. ಪಟ್ಟಿಯಲ್ಲಿದ್ದ ಅಂಗಗಳ ಹೆಸರೆಲ್ಲ ಹೋಯಿತು. ಅದರ ಜಾಗಕ್ಕೆ ಚಿತ್ರ, ಚಿತ್ರದ ಪಕ್ಕ ಮನೆಮಾತಿನ ಎರಡು ಪದ. ಹದಿನಾಲ್ಕು ಭಾಗ ಒಂಬತ್ತಾಯಿತು. ಒಂದು ಫೋಟೋ ತೀರಾ ಅಗಲವಾಗಿ ಪುಟದಿಂದ ಆಚೆಗೆ ಚಾಚಿತು. ಶೇಕಡಾ ಇಪ್ಪತ್ತೈದು ಎಂದು ಬರೆದಳು, ತಗ್ಗಿ ಒಳಗೆ ಬಂತು. ಒಂದು ಆವರಣ ಮುಚ್ಚಲು ಮರೆತು ಪುಟವೆಲ್ಲ ಬಿಳಿಯಾಯಿತು.

"ಎಲ್ಲಿ ಹೋಯ್ತೇ ಎಲ್ಲ?" ಎಂದಳು ಸುಮೇಯ್.

"ಸುಮ್ನಿರು, ಸುಮ್ನಿರು..." ಸಾಲು ಸಾಲಾಗಿ ಬೆರಳಿಟ್ಟು ಇಳಿದಳು, ದಿನವಿಡೀ ಕಾಲುಚೀಲದಲ್ಲಿ ತಪ್ಪಿದ ಹೊಲಿಗೆ ಹುಡುಕುವ ಕಣ್ಣಿನಿಂದ. ಸಿಕ್ಕಿತು. ಮುಚ್ಚಿದಳು. ಪುಟ ತಿರುಗಿ ಬಂತು.

ದೀಪ ಹತ್ತಿತು. ಒಂದೂವರೆ.

ಯಜಮಾನಮ್ಮ ಬಂದು ಏಳನೆಯ ಯಂತ್ರದ ಪಕ್ಕ ನಿಂತಳು. ಸುಮೇಯ್ ನಿಂತಳು. ಪಕ್ಕದ ಯಂತ್ರದವರೂ ಬಂದು ನಿಂತರು. ಮಾನ್ಲಿ ಕೈ ಕಟ್ಟಿಕೊಂಡಳು. ಚಿಂಗ್‌ಹೋ ಪಟ್ಟಿ ಬಿಚ್ಚಿದ. ಕೈಯಲ್ಲಿದ್ದ ಕಾಲುಚೀಲವನ್ನು ಫೋನಿನ ಪಕ್ಕ ಹಿಡಿದ. ಚಿತ್ರ ನೋಡಿದ, ಚೀಲ ನೋಡಿದ, ಚಿತ್ರ ನೋಡಿದ. "ಇದು ಇದೇ" ಎಂದು ಒತ್ತಿದ. ಪುಟ ಹಾರಿತು.

"'ಸೂಜಿಯ ನಾಲಗೆ ಮುರಿದಿದೆ. ಗೆರೆ ಎಲ್ಲಿದೆಯೋ ಅದೇ ನೇರಕ್ಕೆ ಆ ಸೂಜಿ ಇರುತ್ತದೆ.'" ಕಡಲೆಕಾಯಿ ಬೀಜದಂಥ ಅಕ್ಷರಗಳನ್ನು ಆತ ಶಾಲೆಯ ಹುಡುಗನಂತೆ ಗಟ್ಟಿಯಾಗಿ ಓದಿದ. "'ವಿದ್ಯುತ್ ನಿಲ್ಲಿಸಿ. ಕೆಳಗಿನ ಕಿಟಕಿ ತೆಗೆಯಿರಿ. ಎಳೆಯಬೇಡಿ, ಸೂಜಿ ತಾನೇ ಜಾರುತ್ತದೆ.'" ವಿದ್ಯುತ್ ನಿಲ್ಲಿಸಿದ. ಕಿಟಕಿ ತೆಗೆದ. ಉರುಳೆಯನ್ನು ಕೈಯಿಂದ ಒಂದಿಷ್ಟು ತಿರುಗಿಸಿದ. ಎಲ್ಲರೂ ಬಗ್ಗಿದರು. ಪುಟ್ಟ ಸೂಜಿಯೊಂದು ಜಾರಿ ಆತನ ಬೆರಳಿಗೆ ಬಂತು, ನಾಲಗೆಯಿಲ್ಲದ್ದು.

"ಬಂತಲ್ಲ!" ಎಂದ ಚಿಂಗ್‌ಹೋ. ತನಗೇ ನಂಬಿಕೆ ಬಾರದವನಂತೆ ಅದನ್ನು ಎಲ್ಲರಿಗೂ ತೋರಿಸಿದ.

ಹೊಸ ಸೂಜಿ ಕೂತಿತು. ಎರಡು ಹನಿ ಎಣ್ಣೆ. ಏಳನೆಯದು ಗರಗರ ಎಂದಿತು. ಮೊದಲ ಚೀಲಕ್ಕೆ ಎಣ್ಣೆ ಗೆರೆ, ಎಸೆದರು. ಎರಡನೆಯದು, ಎಸೆದರು. ಮೂರನೆಯದೂ. ನಾಲ್ಕನೆಯದನ್ನು ಯಜಮಾನಮ್ಮ ತಾನೇ ಹಿಡಿದುಕೊಂಡು, ಕೈ ತೂರಿಸಿ, ಬೆಳಕಿಗೆ ಒಡ್ಡಿ, ಸುತ್ತ ತಿರುಗಿಸಿ ನೋಡಿದಳು. ಮಾನ್ಲಿಯ ಕೈಗೆ ಕೊಟ್ಟಳು. ನಯವಾಗಿತ್ತು, ಒಂದು ಗೆರೆಯಿಲ್ಲ.

"ಕೈ ಬಿಚ್ಚು ಇನ್ನು" ಎಂದಳು ಯಜಮಾನಮ್ಮ. "ಆ ಕುರುಕಲು ಪೊಟ್ಟಣದ ಖರ್ಚು ಉಳೀತೇನೋ."

"ಅದನ್ನ ಮಾತ್ರ ತೆಗೀಬೇಡಿ" ಎಂದರು ಚಿಂಗ್‌ಹೋ, ಸುಮೇಯ್, ಮಾನ್ಲಿ ಮೂವರೂ ಒಟ್ಟಿಗೆ.

ಶನಿವಾರ ಮಾನ್ಲಿ ತರಗತಿಗೆ ಹೋಗಲಾಗಲಿಲ್ಲ, ಯಂತ್ರದ ಸಾಲಿನಲ್ಲಿದ್ದಳು. ಮುಂದಿನ ಶನಿವಾರವೂ. ಕೊನೆಯ ಎರಡು ದಿನ ಬಾರದವರಿಗೆ ಪ್ರಮಾಣಪತ್ರವಿಲ್ಲ ಎಂಬುದು ನಿಯಮ. ನಿಯೆನ್ ಅದನ್ನು ಹೇಳಲು ಮುಖ ಸಣ್ಣಗೆ ಮಾಡಿಕೊಂಡು ಕಾರ್ಖಾನೆಗೇ ಬಂದ. ಬಂದವನು ಚಿಂಗ್‌ಹೋವಿನ ಫೋನು ಹಿಡಿದುಕೊಂಡು ಅರ್ಧ ಗಂಟೆ ಅಲ್ಲೇ ನಿಂತ. "ಅಕ್ಕಾ, ಅಕ್ಷರ ದೊಡ್ಡದು ಮಾಡಿ ನೋಡೋದನ್ನ ನಾನೂ ಯಾವತ್ತೂ ಮಾಡಿಲ್ಲ" ಎಂದ. ಆಮೇಲೆ ತನ್ನ ಫೋನು ತೆಗೆದು, ಅಕ್ಷರವನ್ನು ಎಷ್ಟು ಹಿಗ್ಗುತ್ತದೋ ಅಷ್ಟು ಹಿಗ್ಗಿಸಿ, ತಾನು ಮಾಡಿದ್ದ ಪುಟಗಳನ್ನು ಒಂದೊಂದಾಗಿ ತೆರೆದು, ಒಂದೊಂದಕ್ಕೂ "ಛೇ" ಎಂದ.

ಹನ್ನೊಂದನೆಯ ದಿನ ಲಾಯ್ ಶಿಫು ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಹನ್ನೆರಡು ಯಂತ್ರಗಳ ಸುತ್ತ ಒಂದು ಸುತ್ತು ಹಾಕಿದ. ಶುಕ್ರವಾರದ ಏಳನೆಯದು ಬಿಟ್ಟು ಆ ಹತ್ತು ದಿನದಲ್ಲಿ ಇನ್ನೂ ನಾಲ್ಕು ಸಲ ಯಂತ್ರ ಕೆಟ್ಟಿತ್ತು. ಎರಡನ್ನು ಮಾನ್ಲಿ ಸರಿ ಮಾಡಿದ್ದಳು, ಎರಡನ್ನು ಅವಳಿಲ್ಲದ ಪಾಳಿಯವರು ಪುಟ ನೋಡಿ. ಆತ ಪುಟವನ್ನು ತರಿಸಿಕೊಂಡು ಓದಿದ, ಮೂರು ತಪ್ಪು ಹಿಡಿದ. ಆ ಮೂರೂ ಈ ಸಲ ನಿಜವಾದ ತಪ್ಪುಗಳು. ಬಯ್ಗುಳ ಇಡೀ ಸಾಲಿಗೆ ಕೇಳಿಸಿತು. ಬೈದು ಮುಗಿಸಿ, "ನಾಳೆ ಬೇಗ ಬಾ, ಹನ್ನೊಂದನೇದರ ಉರುಳೆ ಬಿಚ್ಚಬೇಕು" ಎಂದ.

ಮಾನ್ಲಿಗೆ ಪ್ರಮಾಣಪತ್ರ ಸಿಗಲಿಲ್ಲ. ಕಿಟಕಿಯ ಪಕ್ಕದ ಜಾಗ ಹೋಯಿತು, ಅಲ್ಲಿ ಹೊಸಬಳೊಬ್ಬಳು ಕುಳಿತಳು. ಯಂತ್ರದ ಸದ್ದಿನಲ್ಲಿ ಸುಮೇಯ್ ಜೊತೆಗಿನ ದಿನದ ಮಾತೂ ಹೋಗಿ ಊಟದ ಅರ್ಧ ಗಂಟೆಗೆ ಇಳಿಯಿತು. ಡಜನ್ನಿನ ಲೆಕ್ಕ ತಪ್ಪಿ ತಿಂಗಳ ಸಂಬಳವಾಯಿತು. ಶಿಫುವಿನ ಪಕ್ಕದ ಜಾಗ ಅವಳದಾಯಿತು.